ಗ್ಯಾಸ್ ಎಲ್ಲಿಗೆ ಹೋಯ್ತು?



ಹಿರಿಯೂರು ತಾಲ್ಲೂಕಿನ ನಮ್ಮ ಈ ಮೂಲೆಯಲ್ಲಿ ಶಿವರಾತ್ರಿ ಮುಗಿಯಿತೆಂದರೆ ನೆರಳಿಗೆ ಬೆಲೆ ಬರುತ್ತದೆ. ಯುಗಾದಿಯ ಹೊತ್ತಿಗೆ ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಬಿಸಿನೀರೇ ಬರುತ್ತದೆ. ಅಂಥ ದಿನಗಳಲ್ಲಿ, ಅದೂ ಪರೀಕ್ಷೆ ಹತ್ತಿರ ಬಂದಿದ್ದಾಗ, ಇಲ್ಲಿಗೆ ಹತ್ತಿರದ ಒಂದು ಪ್ರೌಢಶಾಲೆಯ ನೀರಿನ ಕೂಲರ್ ಕೈಕೊಟ್ಟಿತು. ಮೋಟರ್ ಓಡುತ್ತಿತ್ತು, ಸದ್ದೂ ಬರುತ್ತಿತ್ತು, ನೀರು ಮಾತ್ರ ತಣ್ಣಗಾಗುತ್ತಿರಲಿಲ್ಲ.

ಆ ಕೂಲರ್ ಹಳೆಯ ವಿದ್ಯಾರ್ಥಿಗಳು ಕೊಡಿಸಿದ್ದು. ಅದರ ರಿಪೇರಿಗೆಂದು ಇಟ್ಟಿರುವ ಚಿಕ್ಕ ನಿಧಿಯ ಲೆಕ್ಕ ನನ್ನ ಕೈಯಲ್ಲಿದೆ. 'ನೀವು ಬ್ಯಾಂಕಿನಲ್ಲಿದ್ದೋರು, ನೀವೇ ಇಟ್ಕೊಳ್ಳಿ ಸಾರ್' ಎಂದು ಹೊರಿಸಿದ ಜವಾಬ್ದಾರಿ ಅದು. ಹಾಗಾಗಿ ಮೆಕ್ಯಾನಿಕ್ ಬಂದ ದಿನ ನಾನೂ ಹೋದೆ.

ಆತ ಹಿಂದಿನ ಜಾಲರಿಯನ್ನು ಮುಟ್ಟಿ ನೋಡಿ, ಎರಡೇ ನಿಮಿಷದಲ್ಲಿ ತೀರ್ಪು ಕೊಟ್ಟ. "ಗ್ಯಾಸ್ ಹೋಗೈತೆ ಸಾರ್. ತುಂಬಿದ್ರೆ ಸರಿಹೋಗ್ತದೆ. ಎರಡೂವರೆ ಸಾವಿರ."

ಬಾಟಲಿ ಹಿಡಿದು ಪಕ್ಕದಲ್ಲಿ ನಿಂತಿದ್ದ ಎಂಟನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಹೋಗೈತೆ ಅಂದ್ರೆ ಎಲ್ಲಿಗೆ ಹೋಯ್ತಣ್ಣಾ?"

ಮೆಕ್ಯಾನಿಕ್ ನಕ್ಕ. ಮೇಷ್ಟ್ರೂ ನಕ್ಕರು. ನನಗೆ ನಗು ಬರಲಿಲ್ಲ. ಯಾಕೆಂದರೆ ಆ ಪ್ರಶ್ನೆಯನ್ನು ನಾನು ನಲವತ್ತು ವರ್ಷಗಳ ಹಿಂದೆಯೇ ಕೇಳಬೇಕಿತ್ತು.

ನನ್ನ ವೋಚರುಗಳು

ನಾನಿದ್ದ ಬ್ಯಾಂಕ್ ಶಾಖೆಗೆ ನೀರಿನ ಕೂಲರ್ ಬಂದದ್ದು 1985ರಲ್ಲಿ. ಅದಕ್ಕೆ ಮೊದಲು ಮೆಟ್ಟಿಲ ಕೆಳಗೆ ಮರಳಿನ ಮೇಲೆ ಒಂದು ಗುಡಾಣ ಇರುತ್ತಿತ್ತು. ನಮ್ಮ ಜವಾನ ಬೆಳಿಗ್ಗೆ ಅದನ್ನು ತುಂಬಿಸಿ, ಸುತ್ತ ಒದ್ದೆ ಗೋಣಿ ಸುತ್ತುತ್ತಿದ್ದ. ಕೂಲರ್ ಬಂದ ಮೇಲೆ ಗುಡಾಣ ಹಿತ್ತಲು ಸೇರಿತು. ಸಂತೆಯ ದಿನ ಹಳ್ಳಿಗಳಿಂದ ಬಂದವರು ಖಾತೆಯ ಕೆಲಸ ಇಲ್ಲದಿದ್ದರೂ ಒಳಗೆ ಬಂದು, ತಣ್ಣೀರು ಕುಡಿದು, "ಹೊಟ್ಟೆ ತಣ್ಣಗಾಯ್ತು ಕಣಪ್ಪಾ" ಎಂದು ಹರಸಿ ಹೋಗುತ್ತಿದ್ದರು. ನಮಗೆಲ್ಲ ಹೆಮ್ಮೆ.

ಒಂದೆರಡು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಏಪ್ರಿಲ್ ಬಂತೆಂದರೆ 'ಗ್ಯಾಸ್ ಚಾರ್ಜಿಂಗ್' ಎಂಬ ಬಿಲ್ಲೂ ಬರುತ್ತಿತ್ತು. ಡೆಬಿಟ್ ವೋಚರ್ ಬರೆಯುವವನು ನಾನು. ಖಾತೆ: ರಿಪೇರಿ ಮತ್ತು ನಿರ್ವಹಣೆ. ಮ್ಯಾನೇಜರ್ ಸಹಿ, ಕ್ಯಾಷಿಯರ್ ಹಣ, ಮುಗಿಯಿತು. 2001ರಲ್ಲಿ ಆ ಕೂಲರನ್ನು ಬದಲಾಯಿಸುವವರೆಗೆ ಅಂಥ ಹತ್ತು ವೋಚರನ್ನಾದರೂ ಬರೆದಿರುತ್ತೇನೆ.

ಒಂದು ಸಲದ ದೃಶ್ಯ ಈಗಲೂ ಕಣ್ಣ ಮುಂದಿದೆ. ಮೆಕ್ಯಾನಿಕ್ ಕಿರುಬೆರಳಿಗಿಂತ ಸಣ್ಣದಾದ ತಾಮ್ರದ ಕೊಳವೆಯ ತುದಿಯನ್ನು ಕತ್ತರಿಸಿದ. 'ಫುಸ್' ಎಂದು ಬಿಳಿ ಹೊಗೆಯಂಥದ್ದು ಹೊರಬಂತು. ವಾಸನೆಯಿಲ್ಲ, ಬಣ್ಣವಿಲ್ಲ, ಮುಖಕ್ಕೆ ತಣ್ಣನೆ ಗಾಳಿ. ನಾವೆಲ್ಲ ಹತ್ತಿರ ನಿಂತು ಸೆಖೆಯಲ್ಲಿ ಅದನ್ನೇ ಸವಿದೆವು! ಉಳಿದ ಹಳೆಯ ಗ್ಯಾಸನ್ನು ಹೊರಗೆ ಬಿಟ್ಟು ಹೊಸದನ್ನು ತುಂಬುವುದು ಆಗಿನ ಪದ್ಧತಿ. ಅದು ತಪ್ಪೆಂದು ನಮ್ಮ ಪೈಕಿ ಯಾರಿಗೂ ಗೊತ್ತಿರಲಿಲ್ಲ.

ಬಂಡವಾಳವೋ, ಖರ್ಚೋ?

ಈಗ ಸ್ವಲ್ಪ ಲೆಕ್ಕಶಾಸ್ತ್ರ. ಹೆದರಬೇಡಿ, ಕೂಡುವ ಕಳೆಯುವ ಲೆಕ್ಕವೇ.

ಇಂಜೆಕ್ಷನ್ ಕೊಡುವ ಮೊದಲು ನರ್ಸಮ್ಮ ತೋಳಿಗೆ ಸ್ಪಿರಿಟ್ ಹಚ್ಚುತ್ತಾರಲ್ಲ, ಆಗ ಆ ಜಾಗ ತಣ್ಣಗಾಗುತ್ತದೆ. ದ್ರವ ಆವಿಯಾಗಲು ಶಾಖ ಬೇಕು. ಸ್ಪಿರಿಟ್ ಆ ಶಾಖವನ್ನು ನಿಮ್ಮ ಚರ್ಮದಿಂದ ಕಿತ್ತುಕೊಳ್ಳುತ್ತದೆ. ಕೂಲರಿನ ಒಳಗೆ ನಡೆಯುವುದೂ ಇದೇ. ತೊಟ್ಟಿಯನ್ನು ಸುತ್ತಿಕೊಂಡಿರುವ ಕೊಳವೆಯಲ್ಲಿ ದ್ರವರೂಪದ ಗ್ಯಾಸ್ ಆವಿಯಾಗುತ್ತದೆ, ನೀರಿನ ಶಾಖವನ್ನು ಎಳೆದುಕೊಳ್ಳುತ್ತದೆ. ಆ ಆವಿಯನ್ನು ಕಂಪ್ರೆಸರ್ ಒತ್ತಿ ಹಿಂದಿನ ಜಾಲರಿಗೆ ಕಳಿಸುತ್ತದೆ. ಅಲ್ಲಿ ಅದು ಶಾಖವನ್ನು ಹೊರಗೆ ಬಿಟ್ಟು ಮತ್ತೆ ದ್ರವವಾಗುತ್ತದೆ. ಜಾಲರಿ ಬೆಚ್ಚಗಿರುವುದು ಅದಕ್ಕೇ. ನಂತರ ಕೂದಲೆಳೆಯಷ್ಟು ಸಣ್ಣ ರಂಧ್ರದ ಕೊಳವೆಯ ಮೂಲಕ ತೂರಿ ಮತ್ತೆ ನೀರಿನ ತೊಟ್ಟಿಯ ಸುತ್ತ ಬರುತ್ತದೆ. ಹೀಗೆ ಸುತ್ತು, ಸುತ್ತು, ಸುತ್ತು.

ಇಲ್ಲಿ ಗಮನಿಸಬೇಕಾದ್ದು ಒಂದೇ: ಈ ಸುತ್ತಾಟದಲ್ಲಿ ಗ್ಯಾಸ್ ಒಂದು ಗ್ರಾಂ ಕೂಡ ಖರ್ಚಾಗುವುದಿಲ್ಲ. ನಮ್ಮ ಮಾರಿಕಣಿವೆಯ ನೀರು ಹೊಲ ತೋಟಗಳಿಗೆ ಹರಿದು ಖರ್ಚಾಗುತ್ತದೆ, ಮತ್ತೆ ಮಳೆ ಬಂದು ತುಂಬಬೇಕು. ಸ್ಕೂಟರಿನ ಪೆಟ್ರೋಲೂ ಹಾಗೆಯೇ. ಕೂಲರಿನ ಗ್ಯಾಸ್ ಹಾಗಲ್ಲ. ಅದು ಬಂಡವಾಳ. ಇಪ್ಪತ್ತು ವರ್ಷ ಓಡಿದರೂ ಮೊದಲ ದಿನ ಎಷ್ಟಿತ್ತೋ ಅಷ್ಟೇ ಇರಬೇಕು. ಬಂಡವಾಳ ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿಕೆ ಇದೆ ಎಂದೇ ಅರ್ಥ. ಬಿ.ಕಾಂ. ಓದಿ, ಬಂಡವಾಳಕ್ಕೂ ಖರ್ಚಿಗೂ ವ್ಯತ್ಯಾಸ ಬರೆದು ಪಾಸಾದ ನಾನೇ ಅದನ್ನು ವರ್ಷ ವರ್ಷ ಖರ್ಚಿನ ಖಾತೆಗೆ ಬರೆದೆ!

ಒಳ್ಳೆಯ ಗ್ಯಾಸಿನ ಕೆಟ್ಟ ಗುಣ

ನಮ್ಮ ಬ್ಯಾಂಕಿನ ಕೂಲರಿನಲ್ಲಿದ್ದದ್ದು ಆರ್-12 ಎಂಬ ಗ್ಯಾಸ್. ಫ್ರಿಯಾನ್ ಎಂಬ ಹೆಸರಿನಲ್ಲಿ ಲೋಕಪ್ರಸಿದ್ಧ. ನಮ್ಮ ದೇಶದಲ್ಲೇ ತಯಾರಾಗುತ್ತಿದ್ದ ಮ್ಯಾಫ್ರಾನ್, ಫ್ಲೋರಾನ್ ಸಿಲಿಂಡರುಗಳನ್ನು ಹಳೆಯ ಮೆಕ್ಯಾನಿಕ್‌ಗಳು ಈಗಲೂ ನೆನೆಯುತ್ತಾರೆ. ಕ್ಲೋರಿನ್, ಫ್ಲೋರಿನ್, ಕಾರ್ಬನ್ ಸೇರಿ ಆದ ಈ ಜಾತಿಯ ಗ್ಯಾಸುಗಳಿಗೆ ಸಿಎಫ್‌ಸಿ ಎಂದು ಹೆಸರು.

ಇದನ್ನು ಕಂಡುಹಿಡಿದವರು ದುಷ್ಟರೇನಲ್ಲ. ಅದಕ್ಕೆ ಮೊದಲು ಫ್ರಿಜ್‌ಗಳಲ್ಲಿ ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್ ಬಳಸುತ್ತಿದ್ದರು. ಅವು ಸೋರಿದರೆ ಮನೆಯವರ ಜೀವಕ್ಕೇ ಅಪಾಯ. ಆಗ ಅಮೆರಿಕದ ಥಾಮಸ್ ಮಿಜ್‌ಲೀ ಎಂಬಾತ ವಿಷವಲ್ಲದ, ಬೆಂಕಿ ಹತ್ತದ ಈ ಗ್ಯಾಸನ್ನು ತಯಾರಿಸಿದ. 1930ರಲ್ಲಿ ಸಭೆಯೊಂದರ ಮುಂದೆ ಅದನ್ನು ತಾನೇ ಉಸಿರಿಗೆ ಎಳೆದುಕೊಂಡು, ಮೇಣದ ಬತ್ತಿಯ ಮೇಲೆ ಊದಿ ಆರಿಸಿ ತೋರಿಸಿದ. ವಿಷವಲ್ಲ, ಉರಿಯುವುದೂ ಇಲ್ಲ ಎಂದು ಒಂದೇ ಏಟಿಗೆ ಸಾಬೀತಾಯಿತು. ಜಗತ್ತು ಚಪ್ಪಾಳೆ ತಟ್ಟಿತು.

ಆದರೆ ಯಾವುದರ ಜೊತೆಗೂ ಬೆರೆಯದ, ಸುಲಭವಾಗಿ ಕೆಡದ ಆ ಒಳ್ಳೆಯ ಗುಣವೇ ಮುಂದೆ ಮುಳುವಾಯಿತು. ಹೊರಗೆ ಸೋರಿದ ಆರ್-12 ಮಳೆಯಲ್ಲಿ ಕರಗುವುದಿಲ್ಲ, ಮಣ್ಣಿಗೆ ಇಳಿಯುವುದಿಲ್ಲ. ಸುಮಾರು ನೂರು ವರ್ಷ ಗಾಳಿಯಲ್ಲೇ ಇರುತ್ತದೆ. ನಿಧಾನವಾಗಿ ಮೇಲೇರುತ್ತಾ, 15ರಿಂದ 35 ಕಿಲೋಮೀಟರ್ ಎತ್ತರದಲ್ಲಿರುವ ಓಜೋನ್ ಪದರವನ್ನು ಮುಟ್ಟುತ್ತದೆ. ಅಲ್ಲಿ ಸೂರ್ಯನ ಪ್ರಖರ ಅತಿನೇರಳೆ ಕಿರಣ ಬಿದ್ದು ಒಡೆಯುತ್ತದೆ. ಒಳಗಿನ ಕ್ಲೋರಿನ್ ಬಿಡುಗಡೆಯಾಗಿ ಓಜೋನನ್ನು ಮುರಿಯುತ್ತದೆ. ಮುರಿದ ಮೇಲೂ ತಾನು ಹಾಗೆಯೇ ಉಳಿದು ಇನ್ನೊಂದನ್ನು ಹಿಡಿಯುತ್ತದೆ. ಹೀಗೆ ಒಂದು ಕ್ಲೋರಿನ್ ಪರಮಾಣು ಒಂದು ಲಕ್ಷದಷ್ಟು ಓಜೋನ್ ಅಣುಗಳನ್ನು ನಾಶ ಮಾಡಬಲ್ಲದು. ಓಜೋನ್ ಇಲ್ಲದಿದ್ದರೆ ಆ ಕಿರಣಗಳು ನೇರವಾಗಿ ನಮ್ಮ ಮೇಲೆ ಬಿದ್ದು ಚರ್ಮದ ಕ್ಯಾನ್ಸರ್, ಕಣ್ಣಿನ ಪೊರೆ ಹೆಚ್ಚುತ್ತವೆ, ಬೆಳೆಗೂ ಪೆಟ್ಟು.

ಹೀಗಾಗಬಹುದು ಎಂದು ಮೊಲಿನಾ ಮತ್ತು ರೋಲ್ಯಾಂಡ್ ಎಂಬ ಇಬ್ಬರು ವಿಜ್ಞಾನಿಗಳು 1974ರಲ್ಲೇ ಲೆಕ್ಕ ಹಾಕಿ ಹೇಳಿದರು. ಮೊದಮೊದಲು ನಂಬದವರೇ ಹೆಚ್ಚು. 1985ರಲ್ಲಿ, ಅಂದರೆ ನಮ್ಮ ಶಾಖೆಗೆ ಕೂಲರ್ ಬಂದ ವರ್ಷವೇ, ಅಂಟಾರ್ಕ್ಟಿಕಾದ ಮೇಲೆ ಪ್ರತಿ ವಸಂತದಲ್ಲೂ ಓಜೋನ್ ವಿಪರೀತ ತೆಳುವಾಗುತ್ತಿದೆ ಎಂದು ಬ್ರಿಟಿಷ್ ಸಂಶೋಧಕರು ಪ್ರಕಟಿಸಿದರು. ಅದೇ 'ಓಜೋನ್ ರಂಧ್ರ'. ಅಲ್ಲಿನ ಕಡುಚಳಿಯ ಮೋಡಗಳು ಕ್ಲೋರಿನ್ನಿನ ಕೆಲಸವನ್ನು ಚುರುಕು ಮಾಡುತ್ತವೆ, ಅದಕ್ಕೇ ತೂತು ಅಲ್ಲಿ. ಆದರೆ ಗ್ಯಾಸ್ ಹೋದದ್ದು ಎಲ್ಲ ಊರುಗಳಿಂದ. ನಮ್ಮ ಮೆಟ್ಟಿಲ ಕೆಳಗಿನಿಂದಲೂ.

ಜಗತ್ತು ಒಂದು ಖಾತೆ ಮುಚ್ಚಿದ್ದು

ಇಲ್ಲಿಂದ ಮುಂದಿನದು ಸಂತೋಷದ ಕಥೆ. 1987ರ ಸೆಪ್ಟೆಂಬರ್ 16ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಹಲವು ದೇಶಗಳು ಕೂತು, ಈ ಗ್ಯಾಸುಗಳನ್ನು ಕಡಿಮೆ ಮಾಡುವ ಒಪ್ಪಂದಕ್ಕೆ ಸಹಿ ಹಾಕಿದವು. ನಮ್ಮಂಥ ದೇಶಗಳು ಕೇಳಿದ್ದು ನ್ಯಾಯವಾದ ಪ್ರಶ್ನೆ: ಇಷ್ಟು ವರ್ಷ ಬಳಸಿದವರು ನೀವು, ಬದಲಾವಣೆಯ ಖರ್ಚು ಮಾತ್ರ ನಮ್ಮದೇ? 1990ರ ಲಂಡನ್ ಸಭೆಯಲ್ಲಿ, ಆಗ ಪರಿಸರ ಖಾತೆ ನೋಡಿಕೊಳ್ಳುತ್ತಿದ್ದ ಮೇನಕಾ ಗಾಂಧಿಯವರು ಭಾರತದ ಪರವಾಗಿ ಈ ಮಾತನ್ನು ಗಟ್ಟಿಯಾಗಿ ಆಡಿದರು. ಶ್ರೀಮಂತ ದೇಶಗಳು ಹಣ ಹಾಕುವ ಒಂದು ನಿಧಿ ಹುಟ್ಟಿತು. 1992ರಲ್ಲಿ ಭಾರತವೂ ಒಪ್ಪಂದಕ್ಕೆ ಸೇರಿತು. ಆ ನಿಧಿಯ ನೆರವಿನಿಂದ ನಮ್ಮ ಕಾರ್ಖಾನೆಗಳು ಯಂತ್ರ ಬದಲಾಯಿಸಿದವು, ಮೆಕ್ಯಾನಿಕ್‌ಗಳಿಗೆ ತರಬೇತಿ ನಡೆಯಿತು. 2000ದಲ್ಲಿ ಕೇಂದ್ರ ಸರ್ಕಾರ ನಿಯಮಗಳನ್ನೇ ಮಾಡಿತು. 2010ರ ಜನವರಿ 1ರಿಂದ ಫ್ರಿಜ್, ಕೂಲರುಗಳಿಗೆ ಸಿಎಫ್‌ಸಿ ಬಳಕೆ ನಿಂತಿತು. ಈಗ ಈ ಒಪ್ಪಂದದಲ್ಲಿ ಜಗತ್ತಿನ ಎಲ್ಲ ದೇಶಗಳೂ ಇವೆ. ಎಲ್ಲರೂ ಒಪ್ಪಿದ ಇಂಥ ಒಪ್ಪಂದಗಳು ಬೆರಳೆಣಿಕೆಯಷ್ಟು.

ಹಾಗಾದರೆ ಹಳೆಯ ಗ್ಯಾಸ್ ತೆಗೆದು ಹೊಸದು ಹಾಕಿದರೆ ಆಯಿತಲ್ಲ? ಅಷ್ಟು ಸುಲಭವಲ್ಲ ಮಕ್ಕಳೇ. ಆರ್-12ರ ಜಾಗಕ್ಕೆ ಬಂದ ಮುಖ್ಯ ಗ್ಯಾಸ್ ಆರ್-134ಎ. ಅದರಲ್ಲಿ ಕ್ಲೋರಿನ್ ಇಲ್ಲ, ಓಜೋನಿಗೆ ತೊಂದರೆಯಿಲ್ಲ. ಆದರೆ ಹಳೆಯ ಕಂಪ್ರೆಸರಿನಲ್ಲಿದ್ದ ಎಣ್ಣೆಯ ಜೊತೆ ಅದು ಬೆರೆಯುವುದಿಲ್ಲ. ಬೆರೆಯದಿದ್ದರೆ ಎಣ್ಣೆ ಸುತ್ತು ಹೊಡೆದು ವಾಪಸ್ ಬರದೆ ಕಂಪ್ರೆಸರ್ ಒಣಗಿ ಹಿಡಿದುಬಿಡುತ್ತದೆ. ಅದಕ್ಕೆ ಬೇರೆ ಜಾತಿಯ ಎಣ್ಣೆ ಬೇಕು. ಆ ಹೊಸ ಎಣ್ಣೆಗೋ, ಮಳೆಗಾಲದ ಹಪ್ಪಳದ ಹಾಗೆ ತೇವ ಎಳೆದುಕೊಳ್ಳುವ ಚಾಳಿ. ಹಾಗಾಗಿ ಪಂಪ್ ಹಾಕಿ ಒಳಗಿನ ಗಾಳಿ, ತೇವ ಪೂರ್ತಿ ಎಳೆದು ತೆಗೆಯಬೇಕು, ತೇವ ಹೀರುವ ಫಿಲ್ಟರ್ ಬದಲಿಸಬೇಕು. ಇಷ್ಟೆಲ್ಲ ಮಾಡುವ ಬದಲು ಹಳೆಯ ಯಂತ್ರ ಸಾಯುವವರೆಗೆ ಬಿಟ್ಟು ಹೊಸದನ್ನೇ ಕೊಂಡವರು ಬಹಳ. ನಮ್ಮ ಬ್ಯಾಂಕಿನಲ್ಲೂ ಹಾಗೇ ಆಯಿತು.

ಇನ್ನೊಂದು ತೊಡಕೂ ಇದೆ. ಓಜೋನಿಗೆ ಒಳ್ಳೆಯದಾದ ಆರ್-134ಎ ಭೂಮಿಯ ಶಾಖ ಹೆಚ್ಚಿಸುತ್ತದೆ. ಒಂದು ಕಿಲೋ ಹೊರಹೋದರೆ, ನೂರು ವರ್ಷದ ಲೆಕ್ಕದಲ್ಲಿ 1,430 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ಪರಿಣಾಮ. ಆರ್-12ರಲ್ಲಿ ಈ ಅಂಕಿ 10,900 ಇತ್ತು. ದೊಡ್ಡ ಸಾಲ ತೀರಿಸಲು ಚಿಕ್ಕ ಸಾಲ ಮಾಡಿದ ಹಾಗೆ. ಸಾಲ ಇಳಿದದ್ದು ನಿಜ, ತೀರಲಿಲ್ಲ. ಅದಕ್ಕೇ 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಮತ್ತೆ ಕೂತು, ಇವನ್ನೂ ಹಂತಹಂತವಾಗಿ ಇಳಿಸಲು ತೀರ್ಮಾನಿಸಿದರು. ಭಾರತ 2021ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿದೆ. 2032ರಿಂದ ಇಳಿಸಲು ಶುರುಮಾಡಿ 2047ರ ಹೊತ್ತಿಗೆ ಶೇ 85ರಷ್ಟು ಕಡಿಮೆ ಮಾಡಬೇಕು.

ಈಗ ಮನೆಯ ಹೊಸ ಫ್ರಿಜ್‌ಗಳಲ್ಲಿ ಆರ್-600ಎ ಬರುತ್ತಿದೆ. ಅದು ಐಸೋಬ್ಯೂಟೇನ್, ನಿಮ್ಮ ಅಡುಗೆಮನೆಯ ಸಿಲಿಂಡರಿನ ಗ್ಯಾಸಿನ ದಾಯಾದಿ. ಓಜೋನಿಗೂ ತೊಂದರೆಯಿಲ್ಲ, ಶಾಖವೂ ಅತ್ಯಲ್ಪ. ಆದರೆ ಬೆಂಕಿ ಹತ್ತುತ್ತದೆ. ಆದ್ದರಿಂದ ಕೆಲವೇ ಹತ್ತು ಗ್ರಾಂ ಹಾಕಿರುತ್ತಾರೆ. ಅಂಥ ಫ್ರಿಜ್ ರಿಪೇರಿಗೆ ತರಬೇತಿ ಪಡೆದವರನ್ನೇ ಕರೆಯಿರಿ, ಬೀಡಿ ಸೇದುತ್ತಾ ಕೆಲಸ ಮಾಡುವವರನ್ನಲ್ಲ.

ಗುಳ್ಳೆ ಕಂಡಳು

ಮತ್ತೆ ಶಾಲೆಗೆ ಬರೋಣ. ಹುಡುಗಿಯ ಪ್ರಶ್ನೆ ಕೇಳಿದ ಮೇಲೆ ನಾನು ಹಳೆಯ ಬಿಲ್ಲುಗಳ ಫೈಲು ತೆಗೆಸಿದೆ. ನಾಲ್ಕು ವರ್ಷಗಳಲ್ಲಿ ಮೂರು ಸಲ ಗ್ಯಾಸ್ ತುಂಬಿಸಿದ್ದರು. 2,200, 2,400, 2,400. ಒಟ್ಟು 7,000 ರೂಪಾಯಿ. ಅದರಲ್ಲಿ ಕೊನೆಯ ಎರಡು ಬಿಲ್ಲಿನ ಮೇಲೆ ನನ್ನದೇ ಸಹಿ! ಅಭ್ಯಾಸಬಲ ಎಂದರೆ ಇದೇ.

ಕೂಲರಿನ ಹಿಂದಿನ ಚೀಟಿಯಲ್ಲಿ 'ಆರ್-134ಎ, 350 ಗ್ರಾಂ' ಎಂದಿತ್ತು. ಹುಡುಗಿಗೆ ಪೆನ್ನು ಕೊಟ್ಟು ಲೆಕ್ಕ ಮಾಡಿಸಿದೆ. ಮೂರು ಸಲಕ್ಕೆ 1,050 ಗ್ರಾಂ. ಅದನ್ನು 1,430ರಿಂದ ಗುಣಿಸಿದರೆ ಸುಮಾರು 1,500 ಕಿಲೋ. ಒಂದು ಲೀಟರ್ ಪೆಟ್ರೋಲ್ ಉರಿಸಿದರೆ 2.3 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅಂದರೆ ಈ ಒಂದು ಕೂಲರ್ ಕಣ್ಣಿಗೆ ಕಾಣದ ಹಾಗೆ 650 ಲೀಟರ್ ಪೆಟ್ರೋಲ್ ಉರಿಸಿದಷ್ಟು ಹಾನಿ ಮಾಡಿತ್ತು. "ಅಷ್ಟೊಂದಾ ತಾತಾ?" ಎಂದು ಅವಳು ಎರಡು ಸಲ ಗುಣಿಸಿ ನೋಡಿದಳು.

"ಮೊದಲು ಲೀಕ್ ಹುಡುಕಪ್ಪಾ" ಎಂದೆ ಮೆಕ್ಯಾನಿಕ್‌ಗೆ.

"ಅರ್ಧ ದಿನ ಹಿಡಿತದೆ ಸಾರ್. ಬೆಸುಗೆ, ಫಿಲ್ಟರ್, ವ್ಯಾಕ್ಯೂಮ್, ಗ್ಯಾಸ್ ಎಲ್ಲಾ ಸೇರಿ 4,800 ಆಗ್ತದೆ. ಸುಮ್ಕೆ ತುಂಬಿಸ್ಕೊಳ್ಳಿ, ಈ ಬೇಸಿಗೆ ಕಳೀತದೆ."

ನಿಧಿಯಲ್ಲಿದ್ದದ್ದು 6,200. ಏಪ್ರಿಲ್‌ನಲ್ಲಿ ಆರ್.ಒ. ಯಂತ್ರದ ಫಿಲ್ಟರಿಗೆ 2,000 ಬೇಕೇ ಬೇಕು. ನಮ್ಮ ಜಿಲ್ಲೆಯ ಎಷ್ಟೋ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಶುದ್ಧ ನೀರು ಬಿಸಿಯಾಗಿದ್ದರೆ ಮಕ್ಕಳು ಕುಡಿಯುವುದಿಲ್ಲ. ಸಿಕ್ಕ ನಲ್ಲಿಗೆ ಬಾಯಿಡುತ್ತಾರೆ, ಇಲ್ಲವೇ ನೀರು ಕುಡಿಯದೇ ಪರೀಕ್ಷೆಗೆ ಕೂರುತ್ತಾರೆ. ಹಾಗಾಗಿ ಎರಡೂ ಬೇಕು, 600 ಕಡಿಮೆ. ಮೇಷ್ಟ್ರುಗಳು ಪರಸ್ಪರ ಮುಖ ನೋಡಿಕೊಂಡು, ಆ 600 ನಾವು ಹಾಕುತ್ತೇವೆ ಎಂದರು. ರಿಪೇರಿ ಮುಗಿಯುವವರೆಗೆ ಎರಡು ಗುಡಾಣ ತರಿಸಿ ಒದ್ದೆ ಗೋಣಿ ಸುತ್ತಿ ಇಟ್ಟೆವು. ಮಣ್ಣಿನ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗಿ ಒಳಗಿನದನ್ನು ತಂಪು ಮಾಡುತ್ತದೆ. ನಮ್ಮ ಕಡೆಯ ಒಣ ಗಾಳಿಗೆ ಅದು ಬಹಳ ಚೆನ್ನಾಗಿ ನಡೆಯುತ್ತದೆ. ಗ್ಯಾಸೂ ಬೇಡ, ಕರೆಂಟೂ ಬೇಡ. ಆದರೆ ಮುನ್ನೂರು ಮಕ್ಕಳಿಗೆ ಸಾಲದು.

ಮರುದಿನ ಮೆಕ್ಯಾನಿಕ್ ನೈಟ್ರೋಜನ್ ಸಿಲಿಂಡರ್ ತಂದು ಕೊಳವೆಗಳಿಗೆ ಒತ್ತಡ ಕೊಟ್ಟ. ಸೋಪಿನ ನೊರೆಯನ್ನು ಒಂದೊಂದೇ ಜಾಗಕ್ಕೆ ಬಳಿಯುತ್ತಾ ಹೋದ. ಒಂದು ಗಂಟೆ ಏನೂ ಕಾಣಲಿಲ್ಲ. ಕೊನೆಗೆ ಆ ಹುಡುಗಿಯೇ ಬಗ್ಗಿ ನೋಡಿ, "ಅಣ್ಣಾ, ಇಲ್ಲಿ ಗುಳ್ಳೆ!" ಎಂದಳು. ಕಂಪ್ರೆಸರ್ ಅದುರಿದಾಗಲೆಲ್ಲ ಒಂದು ಕೊಳವೆ ಕಬ್ಬಿಣದ ಚೌಕಟ್ಟಿಗೆ ಉಜ್ಜಿ ಉಜ್ಜಿ ಸವೆದಿತ್ತು. ಸೂಜಿಮೊನೆಯಷ್ಟು ತೂತು. ಬೆಸುಗೆ ಹಾಕಿ, ಇನ್ನು ಉಜ್ಜದಂತೆ ರಬ್ಬರ್ ತುಂಡು ಸುತ್ತಿದ.

ಒಂದು ಮಾತನ್ನು ಮುಚ್ಚಿಡಬಾರದು. ಕೆಲಸ ಶುರುಮಾಡುವ ಮೊದಲು ಒಳಗೆ ಉಳಿದಿದ್ದ ಅಷ್ಟಿಷ್ಟು ಗ್ಯಾಸನ್ನು ಖಾಲಿ ಸಿಲಿಂಡರಿಗೆ ಹಿಡಿದಿಟ್ಟುಕೊಳ್ಳಬೇಕು. ಅದಕ್ಕೆ ಬೇಕಾದ ಯಂತ್ರ ಆತನ ಬಳಿ ಇರಲಿಲ್ಲ. ಈ ಸಲವೂ 'ಫುಸ್' ಎಂದಿತು. ನಾನು ಸುಮ್ಮನೆ ನಿಂತು ನೋಡಿದೆ. ಸಣ್ಣ ಊರಿನ ಮೆಕ್ಯಾನಿಕ್‌ಗಳ ಕೈಗೆ ಆ ಯಂತ್ರ ಸಿಗುವ ಹಾಗೆ ಮಾಡುವುದು ಇನ್ನೂ ಬಾಕಿ ಇರುವ ಕೆಲಸ.

ಹುಡುಗಿಗೆ ಉತ್ತರ

ಹಾಗಾದರೆ ಗ್ಯಾಸ್ ಎಲ್ಲಿಗೆ ಹೋಯ್ತು? ಎಲ್ಲಿಗೂ ಹೋಗಲಿಲ್ಲ ಮಗಳೇ, ನಮ್ಮ ತಲೆಯ ಮೇಲೇ ಇದೆ. ಬ್ಯಾಂಕಿನಲ್ಲಿ ಹಳೆಯ ವೋಚರುಗಳನ್ನು ಇಂತಿಷ್ಟು ವರ್ಷವಾದ ಮೇಲೆ ನಾಶ ಮಾಡುತ್ತಾರೆ. ನಾನು ಬರೆದ ಆ ಹತ್ತು ವೋಚರುಗಳು ಎಂದೋ ಬೂದಿಯಾಗಿರಬೇಕು. ಅವುಗಳ ಗ್ಯಾಸಿನಲ್ಲಿ ಬಹುಪಾಲು ಇನ್ನೂ ಗಾಳಿಯಲ್ಲಿದೆ. ಆದರೂ ಜಗತ್ತು ಸಮಯಕ್ಕೆ ಸರಿಯಾಗಿ ಕೈ ಬಿಗಿಹಿಡಿದದ್ದರಿಂದ ಓಜೋನ್ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ. ಹೀಗೇ ನಡೆದರೆ ಜಗತ್ತಿನ ಬಹುಭಾಗದಲ್ಲಿ 2040ರ ಹೊತ್ತಿಗೆ, ಅಂಟಾರ್ಕ್ಟಿಕಾದ ಮೇಲೆ 2066ರ ಹೊತ್ತಿಗೆ ಅದು 1980ರಲ್ಲಿದ್ದ ಮಟ್ಟಕ್ಕೆ ಬರುತ್ತದೆ ಎಂದು ವಿಜ್ಞಾನಿಗಳು ಅಂದಾಜಿಸಿದ್ದಾರೆ. ಅದನ್ನು ನೋಡಲು ನಾನಿರುವುದಿಲ್ಲ. ಐವತ್ತು ದಾಟಿದ ನೀನು ಪೇಪರಿನಲ್ಲಿ ಓದುತ್ತೀಯ.

ಈಗ ಮನೆಯವರಿಗೆ ನಾಲ್ಕು ಮಾತು. ಫ್ರೀಜರಿನಲ್ಲಿ ಕಟ್ಟಿದ ಐಸನ್ನು ಚಾಕು, ಸ್ಪೂನಿನಿಂದ ಕೀಳಬೇಡಿ, ಎಷ್ಟೋ ಮನೆಗಳಲ್ಲಿ ಗ್ಯಾಸ್ ಹೋಗುವುದು ಆ ಒಂದು ಚುಚ್ಚಿನಿಂದಲೇ. ಮೆಕ್ಯಾನಿಕ್ 'ಗ್ಯಾಸ್ ಹೋಗಿದೆ' ಎಂದರೆ 'ಎಲ್ಲಿಂದ?' ಎಂದು ಕೇಳಿ. ಚೀಟಿಯಲ್ಲಿರುವ ಗ್ಯಾಸನ್ನೇ, ಅಷ್ಟೇ ಗ್ರಾಂ ತೂಕ ಮಾಡಿ ಹಾಕಿಸಿ. ಹಳೆಯ ಫ್ರಿಜ್ಜನ್ನು ಕೊಳವೆ ಕತ್ತರಿಸಿ ತಾಮ್ರ ಮಾರುವವರಿಗೆ ಕೊಡದೆ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಮಕ್ಕಳಿಗೆ ಈ ವಾರದ ಲೆಕ್ಕ: ದೊಡ್ಡವರನ್ನು ಜೊತೆಗಿಟ್ಟುಕೊಂಡು ನಿಮ್ಮ ಮನೆಯ ಫ್ರಿಜ್ ಹಿಂದಿನ ಚೀಟಿ ಓದಿ. ಗ್ಯಾಸಿನ ಹೆಸರು, ಗ್ರಾಂ ಬರೆದುಕೊಳ್ಳಿ. ಆರ್-134ಎ ಆಗಿದ್ದರೆ 1,430ರಿಂದ ಗುಣಿಸಿ. ಶಾಲೆಯಲ್ಲಿ ಕೂಲರ್ ಇದ್ದರೆ ಅದನ್ನೂ ನೋಡಿ.

ನಮ್ಮ ಶಾಲೆಯ ಕೂಲರಿನ ರಿಜಿಸ್ಟರಿನಲ್ಲಿ ಈಗ ಒಂದು ಹೊಸ ಕಾಲಂ ಹಾಕಿದ್ದೇವೆ: 'ಎಲ್ಲಿ ಸೋರಿತ್ತು?' ಅದನ್ನು ತುಂಬದೆ ಬಿಲ್ ಪಾಸ್ ಮಾಡುವ ಹಾಗಿಲ್ಲ. ಗೆರೆ ಎಳೆದವನು ನಾನು. ಮೊದಲ ಸಾಲು ಬರೆದವಳು ಆ ಹುಡುಗಿ.